ಟ್ರ್ಯಾಕ್‌ನಿಂದ ಸೆಟ್‌ಗೆ: ಕ್ರೀಡಾಪಟು ಹುಡುಗಿ ನಟಿಯಾಗುವುದು ಹೇಗೆ

ನೀವು ಓಡುವವರು, ಜಿಗಿಯುವವರು, ಈಜುವವರು, ಇಲ್ಲವೇ ರಿಂಗ್‌ಗೆ ಇಳಿಯುವವರು. ಸಿನಿಮಾದಲ್ಲೋ ಧಾರಾವಾಹಿಯಲ್ಲೋ ನಟಿಸುವ ಆಸೆ ಇದೆ. ಅಥವಾ ಯಾರೋ ಬಂದು "ಹೈಟ್ ಇದ್ದೀರಿ, ಫಿಟ್ ಆಗಿದ್ದೀರಿ, ನಿಮಗೇ ಅಂತ ಒಂದು ಪಾತ್ರ ಇದೆ" ಅಂದಿದ್ದಾರೆ. ಮುಂದೇನು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ. ಈ ಬರಹ ನಿಮಗೆ.

ನಾನು 400 ಮೀಟರ್ ಹರ್ಡಲ್ಸ್ ಓಡಿದವಳು. ಆಮೇಲೆ ನಾಟಕ ಕಲಿತೆ. ಈಗ ಬೆಂಗಳೂರಿನಲ್ಲಿ ಸಹ ನಿರ್ದೇಶಕಿ. ಚಿತ್ರದಲ್ಲಿ ಆಟೋಟದ ದೃಶ್ಯ ಇದ್ದರೆ ಕಲಾವಿದರನ್ನು ತಯಾರು ಮಾಡುವುದಕ್ಕೆ ನನ್ನನ್ನು ಕರೆಯುತ್ತಾರೆ. ಟ್ರ್ಯಾಕ್‌ನಿಂದ ಬಂದ ಹುಡುಗಿಯರು ಸೆಟ್‌ನಲ್ಲಿ ಎಲ್ಲಿ ಗೆಲ್ಲುತ್ತಾರೆ, ಎಲ್ಲಿ ತಡವರಿಸುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ನನ್ನ ಮಾತು ಒಂದೇ. ಪದಕ ನಿಮಗೆ ಮೊದಲ ಪಾತ್ರ ಕೊಡಿಸಬಹುದು. ಎರಡನೇ ಪಾತ್ರ ಕೊಡಿಸುವುದು ನಟನೆ. ನೂರು ಮೀಟರ್ ಓಡುತ್ತಿದ್ದವಳು ಜಾವೆಲಿನ್‌ಗೆ ಹೋದರೆ ಹೇಗೆ ಮೊದಲಿನಿಂದ ಕಲಿಯುತ್ತಾಳೋ, ನಟನೆಯನ್ನೂ ಹಾಗೇ ಒಂದು ಹೊಸ ಈವೆಂಟ್ ಅಂತ ತಿಳಿದು ಕಲಿಯಬೇಕು.

ಅಶ್ವಿನಿ ನಾಚಪ್ಪ ಹೋದ ದಾರಿ

ನಮ್ಮ ಕಡೆ ಈ ಮಾತು ಬಂದರೆ ಮೊದಲು ನೆನಪಾಗುವ ಹೆಸರು ಅಶ್ವಿನಿ ನಾಚಪ್ಪ. ಕೊಡಗಿನವರು, ಹುಟ್ಟಿದ್ದು 1967ರಲ್ಲಿ. ಬೆಳೆದದ್ದು ಬೆಂಗಳೂರಿನ ಕಂಠೀರವದ ಟ್ರ್ಯಾಕ್‌ನಲ್ಲಿ. 80ರ ದಶಕದಲ್ಲಿ ಪಿ.ಟಿ. ಉಷಾ ಅವರನ್ನು ಹಿಂದೆ ಹಾಕುತ್ತೇನೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಅಶ್ವಿನಿ ಹಿಂದೆ ಹಾಕಿ ತೋರಿಸಿದರು. ಪತ್ರಿಕೆಗಳು ಅವರನ್ನು "ಭಾರತದ ಫ್ಲೋ ಜೋ" ಅಂತ ಕರೆದವು. ಫ್ಲೋ ಜೋ ಅಂದರೆ ಅಮೆರಿಕದ ಓಟಗಾರ್ತಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್, ಆಗ ವೇಗ ಮತ್ತು ಸ್ಟೈಲ್ ಎರಡಕ್ಕೂ ಹೆಸರು. 1988ರಲ್ಲಿ ಅಶ್ವಿನಿಗೆ ಅರ್ಜುನ ಪ್ರಶಸ್ತಿ ಬಂತು. 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ 4x100 ರಿಲೇಯಲ್ಲಿ ಬೆಳ್ಳಿ. ಆ ತಂಡದಲ್ಲಿ ಉಷಾ ಕೂಡ ಇದ್ದರು.

ಇಷ್ಟೆಲ್ಲ ಆದ ಮೇಲೆ ಸಿನಿಮಾ. 1991ರಲ್ಲಿ ತೆಲುಗಿನಲ್ಲಿ "ಅಶ್ವಿನಿ" ಬಂತು. ರಾಮೋಜಿ ರಾವ್ ಅವರ ಉಷಾಕಿರಣ್ ಮೂವೀಸ್ ನಿರ್ಮಾಣ, ಮೌಳಿ ನಿರ್ದೇಶನ. ಇದೇ ಸಂಸ್ಥೆ ಅದಕ್ಕೂ ಮುಂಚೆ ನೃತ್ಯ ಕಲಾವಿದೆ ಸುಧಾ ಚಂದ್ರನ್ ಅವರ ಬದುಕನ್ನು ಚಿತ್ರ ಮಾಡಿ, ಅವರಿಂದಲೇ ಆ ಪಾತ್ರ ಮಾಡಿಸಿತ್ತು. ನಿಜವಾಗಿ ಆ ಕೆಲಸ ಬಲ್ಲವರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಬೇಕು ಅನ್ನುವ ಧೈರ್ಯ ಆ ಸಂಸ್ಥೆಗಿತ್ತು. ಅಶ್ವಿನಿಗೆ ನಂದಿ ಪ್ರಶಸ್ತಿಗಳಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಸಿಕ್ಕಿತು. ಆಮೇಲೆ ಇನ್ನೂ ಕೆಲವು ತೆಲುಗು ಚಿತ್ರಗಳು ಬಂದವು. ಅದರಲ್ಲಿ ಪೊಲೀಸ್ ಪಾತ್ರವೂ ಇತ್ತು.

ಆದರೆ ಅವರು ಅಲ್ಲೇ ಉಳಿಯಲಿಲ್ಲ. ಹಾಕಿ ಆಟಗಾರ ದತ್ತ ಕರುಂಬಯ್ಯ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಕೊಡಗಿನ ಗೋಣಿಕೊಪ್ಪದಲ್ಲಿ ಓದು ಮತ್ತು ಕ್ರೀಡೆ ಎರಡಕ್ಕೂ ಜಾಗ ಇರುವ ಶಾಲೆ ಕಟ್ಟಿದರು. ಉದ್ದೀಪನ ಮದ್ದಿನ ವಿರುದ್ಧ, ಕ್ರೀಡಾ ಸಂಸ್ಥೆಗಳ ಆಡಳಿತ ಸರಿಯಾಗಲಿ ಅಂತ ಇವತ್ತಿಗೂ ಗಟ್ಟಿಯಾಗಿ ಮಾತಾಡುತ್ತಾರೆ.

ಈ ದಾರಿಯಲ್ಲಿ ಗಮನಿಸಬೇಕಾದ್ದು ಕ್ರಮ. ಮೊದಲು ಓಟ ಒಂದು ಹಂತ ಮುಟ್ಟಿತು. ಆಮೇಲೆ ತನ್ನ ಮೈಗೆ, ತನ್ನ ಬದುಕಿಗೆ ಹೊಂದುವ ಕಥೆ ಸಿಕ್ಕಿತು. ಸಿನಿಮಾ ಸಾಕು ಅನ್ನಿಸಿದಾಗ ಹೋಗಿ ನಿಲ್ಲುವುದಕ್ಕೆ ಇನ್ನೊಂದು ಜಾಗ ಇತ್ತು. ಕೆಲವೇ ಚಿತ್ರ ಮಾಡಿ ಬಂದದ್ದನ್ನು ಸೋಲು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕ್ರೀಡಾಪಟುವಿನ ಸಿನಿಮಾ ಬದುಕು ಚಿಕ್ಕದಿದ್ದರೂ ಚೊಕ್ಕವಾಗಿರಬಹುದು. ನೀವು ಎಷ್ಟು ದೂರದ ಓಟ ಓಡಲಿಕ್ಕೆ ಬಂದಿದ್ದೀರಿ ಅಂತ ಮೊದಲೇ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಿ.

ಇನ್ನೂ ಸ್ಪರ್ಧೆಯಲ್ಲಿ ಇದ್ದೀರಾ? ಇದನ್ನು ಮೊದಲು ಓದಿ

ಸಿನಿಮಾದವರಿಗೆ ಗೊತ್ತಿಲ್ಲದ, ನಿಮಗೆ ಮಾತ್ರ ಇರುವ ಅಪಾಯ ಒಂದಿದೆ. ನೀವು ನಾಡಾದ, ಅಂದರೆ ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆಯ, ಪರೀಕ್ಷಾ ಪಟ್ಟಿಯಲ್ಲಿ ಇದ್ದರೆ, ದಿನಕ್ಕೆ 60 ನಿಮಿಷ ಎಲ್ಲಿ ಸಿಗುತ್ತೀರಿ ಅಂತ ಮೊದಲೇ ತಿಳಿಸಿರಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ ಅದೇ ಒಂದು ಅಪರಾಧ. ಮದ್ದು ತೆಗೆದುಕೊಂಡಿರಬೇಕು ಅಂತೇನೂ ಇಲ್ಲ, ನಿಷೇಧ ಬೀಳುತ್ತದೆ.

ಈಗ ಸೆಟ್ ಹೇಗೆ ನಡೆಯುತ್ತದೆ ನೋಡಿ. ರಾತ್ರಿ ಹತ್ತೂವರೆಗೆ ಪ್ರೊಡಕ್ಷನ್ ಮ್ಯಾನೇಜರ್ ಫೋನ್ ಮಾಡಿ "ಮೇಡಂ, ನಾಳೆ ಲೊಕೇಶನ್ ಚೇಂಜ್, ಬೆಳಿಗ್ಗೆ ಐದಕ್ಕೆ ಗಾಡಿ ಬರುತ್ತೆ" ಅನ್ನುತ್ತಾರೆ. ನೀವು ಪಟ್ಟಿಯಲ್ಲಿ ಮನೆ ವಿಳಾಸ ಕೊಟ್ಟು, ಬೆಳಿಗ್ಗೆ ಆರರಿಂದ ಏಳು ಅಂತ ಬರೆದಿರುತ್ತೀರಿ. ಗಾಡಿ ಹತ್ತಿ ಹೋದರೆ ಕಥೆ ಮುಗಿಯಿತು. ಆದ್ದರಿಂದ ಫೋನ್ ಇಟ್ಟ ತಕ್ಷಣ ಮೊದಲ ಕೆಲಸ ಆ ಮಾಹಿತಿ ಬದಲಿಸುವುದು. ಬಟ್ಟೆ ಪ್ಯಾಕ್ ಮಾಡುವುದು ಆಮೇಲೆ.

ಎರಡನೆಯದು ಮಾತ್ರೆ, ಪುಡಿ. ಶೂಟಿಂಗ್‌ಗೆ ಮುಂಚೆ "ಸ್ವಲ್ಪ ಶಾರ್ಪ್ ಕಾಣಬೇಕು" ಅಂತ ಯಾವನೋ ಟ್ರೇನರ್ ಮೈಯ ನೀರು ಇಳಿಸುವ ಮಾತ್ರೆ ಕೊಡುತ್ತಾನೆ. ನೀರಿಳಿಸುವ ಈ ಡೈಯುರೆಟಿಕ್‌ಗಳು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿವೆ. ಸ್ಪರ್ಧೆ ಇರಲಿ ಇಲ್ಲದಿರಲಿ, ವರ್ಷವಿಡೀ ನಿಷೇಧ. ಕೊಬ್ಬು ಕರಗಿಸುವ ಪುಡಿಗಳಲ್ಲಿ ಏನೇನು ಬೆರೆತಿರುತ್ತದೆ ಅಂತ ಡಬ್ಬದ ಮೇಲಿನ ಚೀಟಿ ನೋಡಿ ಹೇಳಲಾಗದು. ಸೆಟ್‌ನಲ್ಲಿ ಯಾರು ಏನೇ ಕೊಟ್ಟರೂ ಬೇಡ ಅನ್ನಿ. ಮುಖ ಊದಿದೆ ಅಂದರೆ ಉಪ್ಪು ಕಡಿಮೆ ಮಾಡಿ, ನಿದ್ದೆ ಮಾಡಿ. ಕ್ಯಾಮೆರಾಮನ್ ಲೈಟ್‌ನಲ್ಲಿ ಸರಿ ಮಾಡಿಕೊಳ್ಳುತ್ತಾರೆ, ಅದು ಅವರ ಕೆಲಸ.

ಮೂರನೆಯದು, ಸುಮ್ನೆ ಸಿಟ್ಟಿನಲ್ಲಿ ನಿವೃತ್ತಿ ಪತ್ರ ಬರೆದು ಕಳಿಸಬೇಡಿ. ನಾಡಾದ ಪರೀಕ್ಷಾ ಪಟ್ಟಿಯಲ್ಲಿದ್ದು ನಿವೃತ್ತರಾದವರು ವಾಪಸ್ ಬರಬೇಕು ಅಂದರೆ ಆರು ತಿಂಗಳು ಮುಂಚೆ ಲಿಖಿತವಾಗಿ ತಿಳಿಸಿ, ಪರೀಕ್ಷೆಗೆ ಸಿಗುವಂತೆ ಇರಬೇಕು. ಚಿತ್ರ ನಿಂತು ಹೋದರೆ, ಸಿನಿಮಾದಲ್ಲಿ ಅದು ಆಗುತ್ತಲೇ ಇರುತ್ತದೆ, ಆ ಸೀಸನ್ ಪೂರ್ತಿ ಕೈತಪ್ಪುತ್ತದೆ.

ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್, ಬ್ಯಾಂಕ್ ಅಥವಾ ಸರ್ಕಾರಿ ಇಲಾಖೆಯಲ್ಲಿ ಕೆಲಸ ಸಿಕ್ಕಿದ್ದರೆ ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆ ಲಿಖಿತ ಅನುಮತಿ ಪಡೆಯಿರಿ. "ಸಾಹೇಬರು ಬಾಯಲ್ಲಿ ಹೇಳಿದ್ದಾರೆ" ಅನ್ನುವುದು ನಾಳೆ ಸಾಹೇಬರಿಗೆ ವರ್ಗವಾದರೆ ಉಳಿಯುವುದಿಲ್ಲ. ಆ ಕೆಲಸ ಬಿಡಬೇಡಿ. ತಿಂಗಳ ಸಂಬಳ ಇರುವ ಹುಡುಗಿ ಮಾತ್ರ ಕೆಟ್ಟ ಪಾತ್ರವನ್ನು ಧೈರ್ಯವಾಗಿ ಬೇಡ ಅನ್ನಬಲ್ಲಳು.

ಎಲ್ಲಿ ಕಲಿಯಬೇಕು

ಒಂದು ವರ್ಷ ಕೊಡಬಲ್ಲಿರಾದರೆ ರಂಗಶಿಕ್ಷಣಕ್ಕೆ ಹೋಗಿ. ಸಾಗರದ ಹತ್ತಿರ ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣ, ಬೆಂಗಳೂರಿನ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ, ಈ ಮೂರೂ ಕಡೆ ಗಟ್ಟಿ ತರಬೇತಿ ಇದೆ. ಕ್ರೀಡಾ ಹಾಸ್ಟೆಲ್‌ನಲ್ಲಿ ಬೆಳೆದವರಿಗೆ ಅಲ್ಲಿನ ದಿನಚರಿ ಕಷ್ಟ ಅನ್ನಿಸುವುದೇ ಇಲ್ಲ. ಬೆಳಿಗ್ಗೆ ಎದ್ದು ವ್ಯಾಯಾಮ, ಹೇಳಿದ ಹೊತ್ತಿಗೆ ಊಟ, ರಾತ್ರಿ ತಾಲೀಮು. ನಮಗೆ ಗೊತ್ತಿರುವ ಬದುಕೇ ಅದು. ಅಷ್ಟು ಸಮಯ ಇಲ್ಲ ಅಂದರೆ ಬೆಂಗಳೂರಿನ ಯಾವುದಾದರೂ ಹವ್ಯಾಸಿ ತಂಡ ಸೇರಿ. ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಹೋಗಬಹುದು. ಒಂದು ನಾಟಕದಲ್ಲಿ ಸಣ್ಣ ಪಾತ್ರವಾದರೂ ಪೂರ್ತಿ ಮಾಡಿ.

ಮೂರು ದಿನದ, ಒಂದು ವಾರದ ನಟನಾ ಶಿಬಿರಕ್ಕೆ ದುಡ್ಡು ಸುರಿಯುವ ಮುಂಚೆ ಯೋಚಿಸಿ. ವಾರದಲ್ಲಿ ಯಾರಾದರೂ ಹರ್ಡಲ್ಸ್ ಕಲಿಸುತ್ತೇನೆ ಅಂದರೆ ನೀವು ನಂಬುತ್ತೀರಾ?

ಕಲಿಯುವಾಗ ನಿಮಗೆ ಎಲ್ಲಕ್ಕಿಂತ ಕಷ್ಟವಾಗುವುದು ಸುಮ್ಮನೆ ಇರುವುದು. ನಾವು ಸದಾ ಏನಾದರೂ ಮಾಡುತ್ತಲೇ ಇರುವವರು. ನಿಂತಲ್ಲೇ ಕಾಲು ಅಲ್ಲಾಡಿಸುತ್ತೇವೆ, ಭುಜ ತಿರುಗಿಸುತ್ತೇವೆ, ಕೈ ಕೊಡವುತ್ತೇವೆ. ಕ್ಲೋಸಪ್‌ನಲ್ಲಿ ಭುಜ ಒಂದಿಂಚು ಅಲ್ಲಾಡಿದರೂ ಫ್ರೇಮ್ ಕುಣಿಯುತ್ತದೆ. ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಎದುರಿಗೆ ಇನ್ನೊಬ್ಬರನ್ನು ಕೂರಿಸಿ, ಅವರು ಹೇಳುವ ಕಥೆಯನ್ನು ಮಧ್ಯೆ ಬಾಯಿ ಹಾಕದೆ ಕೇಳಿ. ಅದನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿ ನೋಡಿ. ನೀವು ನಿಜವಾಗಿ ಕೇಳಿಸಿಕೊಂಡ ಕ್ಷಣ ಯಾವುದು, ಸುಮ್ನೆ ತಲೆ ಆಡಿಸಿದ ಕ್ಷಣ ಯಾವುದು ಅಂತ ನಿಮಗೇ ಕಾಣುತ್ತದೆ. ನಟನೆಯ ದೊಡ್ಡ ಪಾಲು ಈ ಕೇಳಿಸಿಕೊಳ್ಳುವುದರಲ್ಲೇ ಇದೆ.

ಆಮೇಲೆ ಉಸಿರು. ವೇಗದ ಓಟಗಾರ್ತಿಯರು ಎದೆಯ ಮೇಲ್ಭಾಗದಲ್ಲಿ ಚಿಕ್ಕ ಚಿಕ್ಕ ಉಸಿರು ತೆಗೆದು ರೂಢಿ. ಆ ಉಸಿರಿನಲ್ಲಿ ಉದ್ದದ ಡೈಲಾಗ್ ನಿಲ್ಲುವುದಿಲ್ಲ, ವಾಕ್ಯದ ಕೊನೆಯ ಪದ ಬಿದ್ದು ಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುವುದು, ಅಲ್ವಾ? ಅದೇ ಬಿದ್ದರೆ ಅರ್ಥವೇ ಹೋಯಿತು. ದಿನಾ ಬೆಳಿಗ್ಗೆ ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ. ಹೊಟ್ಟೆಯಿಂದ ಉಸಿರು ತೆಗೆದು, ಪೂರ್ಣವಿರಾಮದವರೆಗೆ ದನಿ ಬೀಳದಂತೆ ಓದಿ. ಊರಿನ ಕನ್ನಡ ಬಿಡಬೇಡಿ. ಧಾರವಾಡದವರು, ಕುಂದಾಪುರದವರು, ಮಂಡ್ಯದವರು ತಮ್ಮ ಮಾತನ್ನು ಹಾಗೇ ಇಟ್ಟುಕೊಂಡು, ಪುಸ್ತಕದ ಕನ್ನಡವನ್ನೂ ಕಲಿತರೆ ಪಾತ್ರ ಜಾಸ್ತಿ ಸಿಗುತ್ತವೆ.

ಪ್ರೊಫೈಲ್ ಮತ್ತು ಆಡಿಷನ್

ಪದಕಗಳ ಮುಂದೆ ನಿಂತ ಫೋಟೊ ಒಂದು ಸಾಕು. ಉಳಿದದ್ದು ಮುಖ, ನಿಲುವು, ನಗು. ಮೇಕಪ್ ಇಲ್ಲದ ಒಂದು, ಸೀರೆ ಅಥವಾ ಚೂಡಿದಾರ್‌ನಲ್ಲಿ ಒಂದು. ವಿಡಿಯೊ ಎರಡು ನಿಮಿಷ ಮೀರಬಾರದು. ಹೆಸರು, ಊರು, ಎತ್ತರ, ಬರುವ ಭಾಷೆಗಳು, ಆಮೇಲೆ ಎರಡು ಸಣ್ಣ ದೃಶ್ಯ. ಆ ದೃಶ್ಯಗಳಲ್ಲಿ ಆಟದ ಮಾತೇ ಬೇಡ. ಗಂಡನ ಜೊತೆ ಜಗಳ ಆಡುವವಳು, ಬ್ಯಾಂಕಿನಲ್ಲಿ ಸಾಲ ಕೇಳುವವಳು, ಅಮ್ಮನಿಗೆ ಸುಳ್ಳು ಹೇಳುವವಳು, ಇಂಥದ್ದು ಮಾಡಿ. ನೀವು ಓಡಬಲ್ಲಿರಿ ಅಂತ ಅವರಿಗೆ ಗೊತ್ತು. ಸುಳ್ಳು ಹೇಳಬಲ್ಲಿರಾ ಅಂತ ನೋಡಬೇಕಿದೆ. ಓಟವನ್ನು ಬೇರೆಯದೇ ಒಂದು ಮೂವತ್ತು ಸೆಕೆಂಡ್ ವಿಡಿಯೊ ಮಾಡಿ ಕಳಿಸಿ.

ಆಡಿಷನ್‌ನಲ್ಲಿ ಅಥ್ಲೀಟ್‌ಗಳ ದೊಡ್ಡ ಬಲ ಹೊರಗೆ ಬರುತ್ತದೆ. ತಿದ್ದಿಸಿಕೊಳ್ಳುವುದು ನಮಗೆ ಅಭ್ಯಾಸ. "ಮೊಣಕಾಲು ಇನ್ನೂ ಮೇಲೆ" ಅಂತ ಕೋಚ್ ಬೈದರೆ ಅಳುತ್ತಾ ಕೂರುವುದಿಲ್ಲ, ಮುಂದಿನ ರೌಂಡ್‌ನಲ್ಲಿ ಮೊಣಕಾಲು ಎತ್ತುತ್ತೇವೆ. ನಿರ್ದೇಶಕರು "ಇದನ್ನೇ ಕೋಪ ಇಲ್ಲದೆ ಹೇಳಿ" ಅಂದಾಗ ಅದನ್ನೇ ಮಾಡಿ. ಮೊದಲಿನದು ಯಾಕೆ ಹಾಗೆ ಮಾಡಿದೆ ಅಂತ ವಿವರಿಸಬೇಡಿ. ನಾನು ಆಡಿಷನ್ ಕೋಣೆಯಲ್ಲಿ ಕೂತಾಗ ಹುಡುಕುವುದು ಇದನ್ನೇ. ಹೇಳಿದ ಮಾತು ಮುಂದಿನ ಟೇಕ್‌ನಲ್ಲಿ ಕಾಣುತ್ತಾ ಇಲ್ಲವಾ ಅಂತ.

"ಆ್ಯಕ್ಷನ್" ಗನ್ ಅಲ್ಲ

ಸೆಟ್‌ನ ಮೊದಲ ದಿನ ಎಲ್ಲಾ ಅಥ್ಲೀಟ್‌ಗಳಲ್ಲೂ ನಾನು ಕಾಣುವುದು ಒಂದೇ. "ರೋಲಿಂಗ್" ಅಂದಾಗ ಮೈ ಬಿಗಿಯುತ್ತದೆ. "ಆ್ಯಕ್ಷನ್" ಅಂದ ಕೂಡಲೇ ಡೈಲಾಗ್ ಸಿಡಿಯುತ್ತದೆ. ವರ್ಷಗಟ್ಟಲೆ ಗನ್ ಸದ್ದಿಗೆ ಏಳುವುದನ್ನು ಕಲಿತ ಮೈ ಅದು. ಅಲ್ಲಿ ತಡವಾದರೆ ಸೋತೆವು. ಇಲ್ಲಿ ಮಾತ್ರ ತಡ ಮಾಡಲೇಬೇಕು. "ಆ್ಯಕ್ಷನ್" ಕೇಳಿದ ಮೇಲೆ ಒಂದು ಉಸಿರು ಒಳಗೆ, ಒಂದು ಉಸಿರು ಹೊರಗೆ, ಆಮೇಲೆ ಶುರು ಮಾಡಿ. ಆ ಎರಡು ಸೆಕೆಂಡ್ ಎಡಿಟರ್‌ಗೆ ಬೇಕು, ಕಟ್ ಮಾಡುವುದಕ್ಕೆ ಜಾಗ ಇರಬೇಕು. ಕೊನೆಗೂ ಹಾಗೇ. ಡೈಲಾಗ್ ಮುಗಿದ ಕೂಡಲೇ ಮುಖ ಸಡಿಲ ಬಿಟ್ಟು ನಿರ್ದೇಶಕರ ಕಡೆ ತಿರುಗಬೇಡಿ. "ಕಟ್" ಅನ್ನುವವರೆಗೆ ಪಾತ್ರದಲ್ಲೇ ಇರಿ. ಫಿನಿಶ್ ಲೈನ್ ದಾಟಿ ಹತ್ತು ಮೀಟರ್ ಓಡುವುದನ್ನು ಕಲಿಸಿಲ್ಲವೇ, ಅದನ್ನೇ ಇಲ್ಲಿ ಮಾಡಿ.

ನಿಮಗೆ ಸುಲಭವಾಗಿ ಬರುವುದು ಮಾರ್ಕ್. ನೆಲದ ಮೇಲೆ ಟೇಪ್ ಅಂಟಿಸಿರುತ್ತಾರೆ. ನಡೆದು ಬಂದು ಸರಿಯಾಗಿ ಅಲ್ಲೇ ನಿಲ್ಲಬೇಕು, ಕೆಳಗೆ ನೋಡಬಾರದು. ಮುಂದೆ ಹೋದರೆ ಫೋಕಸ್ ಹೋಯಿತು. ಹೊಸ ನಟಿಯರು ಇದಕ್ಕೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಲಾಂಗ್ ಜಂಪ್‌ನವರು, ಹರ್ಡಲ್ಸ್‌ನವರು ಹೆಜ್ಜೆ ಎಣಿಸಿಯೇ ಬದುಕಿದವರು. ರಿಹರ್ಸಲ್‌ನಲ್ಲಿ ಟೇಪ್‌ನ ಮೇಲೆ ನಿಂತು, ಹಿಂದಕ್ಕೆ ಹೆಜ್ಜೆ ಎಣಿಸುತ್ತಾ ಹೊರಡುವ ಜಾಗಕ್ಕೆ ಹೋಗಿ. ಆ ಜಾಗಕ್ಕೆ ಒಂದು ಗುರುತು ಇಟ್ಟುಕೊಳ್ಳಿ. ಯಾವ ಕಾಲು ಮೊದಲು ಅಂತ ನಿಶ್ಚಯ ಮಾಡಿ. ಟೇಕ್‌ನಲ್ಲಿ ಕಾಲು ತಾನಾಗೇ ಅಲ್ಲಿಗೆ ತಂದು ನಿಲ್ಲಿಸುತ್ತದೆ, ಮನಸ್ಸು ಡೈಲಾಗ್ ಮೇಲೆ ಇರಬಹುದು. ಇದನ್ನು ನೋಡಿದ ಕ್ಯಾಮೆರಾಮನ್ ಮುಂದಿನ ಚಿತ್ರಕ್ಕೂ ನಿಮ್ಮ ಹೆಸರು ಹೇಳುತ್ತಾರೆ.

ಧಾರಾವಾಹಿಯಾದರೆ ಇನ್ನೊಂದು ವಿಷಯ. ಅಲ್ಲಿ ಡೈಲಾಗ್ ಮೊದಲೇ ಬಾಯಿಪಾಠ ಮಾಡುವಷ್ಟು ಹೊತ್ತು ಇರುವುದಿಲ್ಲ. ಕ್ಯಾಮೆರಾ ಪಕ್ಕದಿಂದ ಪ್ರಾಂಪ್ಟಿಂಗ್ ಕೊಡುತ್ತಾರೆ. ಕಿವಿಗೆ ಬಿದ್ದ ಮಾತನ್ನು ಎದುರಿಗಿರುವವರ ಕಣ್ಣು ಬಿಡದೆ ಹೇಳಬೇಕು. ಪ್ರಾಂಪ್ಟ್ ಮಾಡುವವರ ಕಡೆ ಕಣ್ಣು ಜಾರಿದರೆ ಟೇಕ್ ಹಾಳು.

ಕ್ಯಾಮೆರಾಕ್ಕಾಗಿ ಓಡುವಾಗ

ಇದನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಗಾಯ ಆಗುವುದು ಇಲ್ಲೇ.

ಸ್ಪರ್ಧೆಯಲ್ಲಿ ವಾರ್ಮ್ ಅಪ್ ಮಾಡುತ್ತೀರಿ, ಓಡುತ್ತೀರಿ, ಮುಗಿಯಿತು. ಸೆಟ್‌ನಲ್ಲಿ ಅರವತ್ತು ಮೀಟರ್ ಓಡಿಸುತ್ತಾರೆ. ಆಮೇಲೆ ಲೈಟ್ ಸರಿ ಮಾಡುವುದಕ್ಕೆ ಅರ್ಧ ಗಂಟೆ. ಮತ್ತೆ ಅದೇ ಅರವತ್ತು ಮೀಟರ್. ಮೋಡ ಬಂತು, ಮತ್ತೆ. ಟ್ರಾಲಿ ಅಲ್ಲಾಡಿತು, ಮತ್ತೆ. ಆ ಅರ್ಧ ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ತೊಡೆಯ ಹಿಂಭಾಗ ತಣ್ಣಗಾಗುತ್ತದೆ. ತಣ್ಣಗಾದ ಹ್ಯಾಮ್‌ಸ್ಟ್ರಿಂಗ್ ಮೇಲೆ ಪೂರ್ತಿ ವೇಗ ಹಾಕಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಟ್ರ್ಯಾಕ್ ಪ್ಯಾಂಟ್ ಪಕ್ಕದಲ್ಲೇ ಇರಲಿ. ಪ್ರತಿ ಗ್ಯಾಪ್‌ನಲ್ಲಿ ಹಾಕಿಕೊಂಡು ನಡೆಯುತ್ತಿರಿ. ಸಹ ನಿರ್ದೇಶಕರಿಗೆ ಮೊದಲೇ ಹೇಳಿ: "ಟೇಕ್‌ಗೆ ಹತ್ತು ನಿಮಿಷ ಮುಂಚೆ ಹೇಳಿ, ಮೈ ಬಿಸಿ ಮಾಡಿಕೊಳ್ಳಬೇಕು." ಪೂರ್ತಿ ವೇಗದ ಶಾಟ್‌ಗಳನ್ನು ದಿನದ ಮೊದಲ ಭಾಗದಲ್ಲೇ ತೆಗೆಯಲಿ. ಸಂಜೆಗೆ ಕ್ಲೋಸಪ್‌ಗಳು. ಕೇಳಿದರೆ ಒಪ್ಪುತ್ತಾರೆ. ಕಾಲು ಹಿಡಿದುಕೊಂಡು ಮಲಗಿದರೆ ಅವರದ್ದೇ ಶೆಡ್ಯೂಲ್ ಹಾಳಾಗುವುದು.

ಪ್ರತಿ ಟೇಕ್‌ಗೂ ಪೂರ್ತಿ ವೇಗ ಬೇಕಿಲ್ಲ. ದೂರದಿಂದ ಉದ್ದದ ಲೆನ್ಸ್‌ನಲ್ಲಿ ಎದುರಿನಿಂದ ತೆಗೆದರೆ ನೂರಕ್ಕೆ ಎಂಬತ್ತು ವೇಗವೇ ಚೆನ್ನಾಗಿ ಕಾಣುತ್ತದೆ. ಪಕ್ಕದಿಂದ ಗಾಡಿಯಲ್ಲಿ ಹಿಂಬಾಲಿಸಿದರೆ ಗಾಡಿಯ ವೇಗಕ್ಕೆ ಓಡಬೇಕು. ಆದರೆ ಮೊಣಕಾಲಿನ ಎತ್ತರ, ಕೈಯ ಬೀಸು ಕಡಿಮೆಯಾಗಬಾರದು. ವೇಗ ಇಳಿಸಿ ಆಕಾರ ಉಳಿಸಿಕೊಳ್ಳುವುದು ಹೇಗೆ ಅಂತ ಮೊದಲೇ ಟ್ರ್ಯಾಕ್‌ನಲ್ಲಿ ಪ್ರಾಕ್ಟೀಸ್ ಮಾಡಿ.

ಇನ್ನು ಮುಖ. ಒಳ್ಳೆಯ ಸ್ಪ್ರಿಂಟರ್‌ನ ದವಡೆ ಸಡಿಲವಾಗಿರುತ್ತದೆ, ಕೆನ್ನೆ ಕುಣಿಯುತ್ತಿರುತ್ತದೆ. ಮುಖ ಬಿಗಿದರೆ ಭುಜ ಬಿಗಿಯುತ್ತದೆ, ಭುಜ ಬಿಗಿದರೆ ಹೆಜ್ಜೆ ಚಿಕ್ಕದಾಗುತ್ತದೆ ಅಂತ ಕೋಚ್ ಮೊದಲ ವರ್ಷವೇ ಹೇಳಿರುತ್ತಾರೆ. ನಿರ್ದೇಶಕರು ಮಾನಿಟರ್‌ನಲ್ಲಿ ನೋಡಿ "ಮುಖದಲ್ಲಿ ಏನೂ ಇಲ್ಲವಲ್ಲ, ಕಷ್ಟ ಕಾಣಬೇಕು" ಅನ್ನುತ್ತಾರೆ. ಇಲ್ಲಿ ಇಬ್ಬರೂ ಸರಿ. ಪೂರ್ತಿ ಮೈ ಕಾಣುವ ಶಾಟ್‌ನಲ್ಲಿ ಮುಖ ಸಡಿಲ ಇರಲಿ, ಓಟ ನಿಜ ಅನ್ನಿಸಲಿ. ಎದೆಯಿಂದ ಮೇಲೆ ಕಾಣುವ ಶಾಟ್ ಬೇರೆ ತೆಗೆಯುತ್ತಾರೆ. ಅಲ್ಲಿ ಕಾಲು ನಿಧಾನಕ್ಕೆ ಓಡಲಿ, ಮುಖಕ್ಕೆ ಆ ಹೆಣ್ಣಿನ ಕಥೆ ಬರಲಿ. ಅವಳು ಯಾರಿಗಾಗಿ ಓಡುತ್ತಿದ್ದಾಳೆ, ಯಾರು ನೋಡಲಿ ಅಂತ ಓಡುತ್ತಿದ್ದಾಳೆ ಅನ್ನುವುದು ಕಣ್ಣಿನಲ್ಲಿ ಇರಬೇಕು. ಇದನ್ನು ನಿರ್ದೇಶಕರ ಜೊತೆ ಮೊದಲೇ ಮಾತಾಡಿ, ಯಾವ ಶಾಟ್ ಎಷ್ಟು ಅಗಲ ಅಂತ ಕೇಳಿಕೊಳ್ಳಿ.

ಸಾಹಸ ದೃಶ್ಯಕ್ಕೆ ಬಂದರೆ, "ನೀವು ಸ್ಪೋರ್ಟ್ಸ್‌ನವರು, ಡೂಪ್ ಯಾಕೆ?" ಅನ್ನುವ ಮಾತು ಬಂದೇ ಬರುತ್ತದೆ. ನಿಮ್ಮ ಆಟದಲ್ಲಿ ಇಲ್ಲದ್ದು ನಿಮಗೂ ಹೊಸದೇ. ಎಸ್ತರ್ ವಿಲಿಯಮ್ಸ್ ಅಮೆರಿಕದ ರಾಷ್ಟ್ರೀಯ ಈಜು ಚಾಂಪಿಯನ್. ಯುದ್ಧದಿಂದ 1940ರ ಒಲಿಂಪಿಕ್ಸ್ ರದ್ದಾಗಿ, ಈಜುವ ಪ್ರದರ್ಶನಗಳಿಗೆ ಸೇರಿ, ಅಲ್ಲಿಂದ ಎಂಜಿಎಂ ಸ್ಟುಡಿಯೊದ ದೊಡ್ಡ ತಾರೆಯಾದವರು. ನೀರು ಅವರಿಗೆ ಮನೆಯಿದ್ದಂತೆ. ಅಂಥವರು 1952ರಲ್ಲಿ ತೆರೆಕಂಡ ಒಂದು ಚಿತ್ರಕ್ಕೆ ತಲೆಯ ಮೇಲೆ ಲೋಹದ ಕಿರೀಟ ಇಟ್ಟುಕೊಂಡು ಎತ್ತರದಿಂದ ಧುಮುಕಿ ಕುತ್ತಿಗೆಯ ಮೂಳೆ ಮುರಿದುಕೊಂಡರು. ಈಜು ಅವರದ್ದು, ಕಿರೀಟ ಸಿನಿಮಾದ್ದು. ಯಾವುದೇ ಸ್ಟಂಟ್ ಒಪ್ಪುವ ಮುಂಚೆ ಅದೇ ಬಟ್ಟೆ, ಅದೇ ಚಪ್ಪಲಿ, ಅದೇ ಆಭರಣದಲ್ಲಿ ಸಾಹಸ ನಿರ್ದೇಶಕರ ಎದುರು ರಿಹರ್ಸಲ್ ಕೇಳಿ. ಸೀರೆಯಲ್ಲಿ ಕಾಂಪೌಂಡ್ ಹಾರುವುದು ಹರ್ಡಲ್ಸ್ ಅಲ್ಲ.

ಎರಡನೇ ಪಾತ್ರ

ಮೊದಲ ಚಿತ್ರದಲ್ಲಿ ಕ್ರೀಡಾಪಟುವಿನ ಪಾತ್ರ ಮಾಡಿದರೆ ಆಮೇಲೆ ಬರುವ ಹತ್ತು ಕಥೆಯಲ್ಲಿ ಎಂಟು ಅದೇ ಇರುತ್ತದೆ, ಇಲ್ಲವೇ ಪೊಲೀಸ್. ಈಗಿನವರಲ್ಲಿ ರಿತಿಕಾ ಸಿಂಗ್ ಅವರನ್ನು ಗಮನಿಸಿ. ಕಿಕ್‌ಬಾಕ್ಸಿಂಗ್‌ನಿಂದ ಬಂದವರು. ಸುಧಾ ಕೊಂಗರ ಅವರು 2016ರಲ್ಲಿ ತಮಿಳು, ಹಿಂದಿ ಎರಡರಲ್ಲೂ ಮಾಡಿದ ಬಾಕ್ಸಿಂಗ್ ಚಿತ್ರದಲ್ಲಿ ನಟಿಸಿ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ವಿಶೇಷ ಉಲ್ಲೇಖ ಪಡೆದರು. 2017ರಲ್ಲಿ ಅದರ ತೆಲುಗು ರೂಪದಲ್ಲೂ ಅದೇ ಪಾತ್ರ. ಅಲ್ಲೇ ನಿಲ್ಲಬಹುದಿತ್ತು. ಅದೇ ವರ್ಷ ನಮ್ಮ ಕನ್ನಡದ "ಶಿವಲಿಂಗ"ದ ತಮಿಳು ರೀಮೇಕ್‌ನಲ್ಲಿ ದೆವ್ವ ಹಿಡಿದ ಹೆಂಡತಿಯ ಪಾತ್ರ ಮಾಡಿದರು. 2020ರಲ್ಲಿ ಪ್ರೀತಿ, ಮದುವೆಯ ಕಥೆಯೊಂದರಲ್ಲಿ ನಾಯಕಿಯಾದರು. ಅಲ್ಲಿ ಅವರ ಗುದ್ದು ನಂಬಿ ಯಾರೂ ಪಾತ್ರ ಕೊಟ್ಟಿರಲಿಲ್ಲ.

ಹಾಗಾಗಿ ಎರಡನೆಯದನ್ನು ಆರಿಸುವಾಗ ಪಾತ್ರ ಚಿಕ್ಕದಾದರೂ ಆಟಕ್ಕೆ ಸಂಬಂಧವಿಲ್ಲದ್ದನ್ನು ಒಪ್ಪಿ. ಒಂದು ಶಾಲಾ ಟೀಚರ್, ಒಂದು ನರ್ಸ್. ದುಡ್ಡು ಕಡಿಮೆ ಬಂದರೂ ಪರವಾಗಿಲ್ಲ. ನಿರ್ಮಾಪಕರ ಕಣ್ಣಿನಲ್ಲಿ ನೀವು "ಆ ಓಡುವ ಹುಡುಗಿ"ಯಿಂದ ನಟಿಯಾಗುವುದು ಅಲ್ಲೇ.

ಮೈಬಣ್ಣ, ತೋಳಿನ ಸ್ನಾಯು, ಅಗಲ ಭುಜದ ಬಗ್ಗೆ ಮಾತು ಬರುತ್ತದೆ. "ಸ್ವಲ್ಪ ಹೆಣ್ಣುತನ ಬರಲಿ" ಅನ್ನುವವರಿದ್ದಾರೆ. ಈ ಮಾತು ಕೇಳಿದಾಗ ನನಗೆ ಈಗಲೂ ಮೈ ಉರಿಯುತ್ತದೆ. ಬಿಸಿಲಲ್ಲಿ ಬೆವರು ಸುರಿಸಿ ಕಟ್ಟಿದ ಮೈ ಅದು. ಪಾತ್ರಕ್ಕೆ ಬೇಕಾದರೆ ನಡಿಗೆ ಬದಲಿಸಿ, ಕೂರುವ ರೀತಿ ಬದಲಿಸಿ, ಅದು ನಟನೆ. ತೋಳು ಕರಗಿಸಿಕೊಂಡು ಬನ್ನಿ ಅಂದರೆ ಆ ಪಾತ್ರ ಬೇರೆಯವರಿಗೆ ಹೋಗಲಿ.

ಕಾಗದ, ದುಡ್ಡು, ರಕ್ಷಣೆ

ಎಷ್ಟು ದಿನದ ಕಾಲ್‌ಶೀಟ್, ದಿನ ಮೀರಿದರೆ ಎಷ್ಟು, ಡಬ್ಬಿಂಗ್ ಇದರಲ್ಲೇ ಸೇರಿದೆಯಾ, ಗಾಯವಾದರೆ ಆಸ್ಪತ್ರೆ ಖರ್ಚು ಯಾರದ್ದು. ಇಷ್ಟೂ ಬರಹದಲ್ಲಿ ಇರಬೇಕು. "ನೋಡೋಣ ಮೇಡಂ, ನಮ್ಮದೇ ಸಂಸ್ಥೆ" ಅಂತ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರೆ ಮುಂದೆ ಹೋಗಬೇಡಿ. ಕೊನೆಯ ಕಂತು ಡಬ್ಬಿಂಗ್‌ಗೆ ಮುಂಚೆ ಬರಬೇಕು ಅಂತ ಬರೆಸಿ. ಡಬ್ಬಿಂಗ್ ಮುಗಿದ ಮೇಲೆ ಫೋನ್ ಎತ್ತುವವರು ಕಡಿಮೆ. ಪಾತ್ರ ಕೊಡಿಸುತ್ತೇನೆ ಅಂತ ನಿಮ್ಮಿಂದಲೇ ದುಡ್ಡು ಕೇಳುವವರು ಕೋ-ಆರ್ಡಿನೇಟರ್ ಅಲ್ಲ, ಮೋಸಗಾರರು.

ನಿಮ್ಮದೇ ಬದುಕಿನ ಕಥೆ ಕೇಳಿಕೊಂಡು ಬಂದರೆ ನಟನೆಯ ಸಂಭಾವನೆ ಬೇರೆ, ಕಥೆಯ ಹಕ್ಕಿನ ದುಡ್ಡು ಬೇರೆ. ಎರಡಕ್ಕೂ ಬೇರೆ ಬೇರೆ ಒಪ್ಪಂದ. ನಿಮ್ಮ ಕೋಚ್, ಅಪ್ಪ ಅಮ್ಮ, ಜೊತೆಗೆ ಓಡಿದವರು ಕಥೆಯಲ್ಲಿ ಹೇಗೆ ಬರುತ್ತಾರೆ ಅಂತ ಚಿತ್ರಕಥೆ ಓದಿಯೇ ಸಹಿ ಹಾಕಿ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದಿಂದ ಹೆಣ್ಣುಮಕ್ಕಳ ರಕ್ಷಣೆಗೆ 2013ರ ಕಾನೂನು ಇದೆ. ಹತ್ತು ಜನ ಅಥವಾ ಜಾಸ್ತಿ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಸಿನಿಮಾ ಘಟಕಕ್ಕೂ ಅದು ಅನ್ವಯ. ಸಮಿತಿಯಲ್ಲಿ ಯಾರಿದ್ದಾರೆ ಅಂತ ಒಪ್ಪಂದದ ದಿನವೇ ಕೇಳಿ. ಮಲಯಾಳಂ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಪರಿಸ್ಥಿತಿ ಬಗ್ಗೆ ಕೇರಳದಲ್ಲಿ ಹೇಮಾ ಸಮಿತಿ ವರದಿ 2024ರಲ್ಲಿ ಹೊರಬಂದ ಮೇಲೆ ಈ ಪ್ರಶ್ನೆ ಕೇಳುವುದಕ್ಕೆ ಯಾರೂ ಹಿಂಜರಿಯಬೇಕಿಲ್ಲ. ಮಾತುಕತೆಗೆ ಹೋಟೆಲ್ ರೂಮಿಗೆ ಬನ್ನಿ ಅಂದರೆ ಆಫೀಸಿನಲ್ಲಿ, ಹಗಲು ಹೊತ್ತಿನಲ್ಲಿ ಸಿಗೋಣ ಅನ್ನಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಮೀಟ್‌ಗೆ ಹೋಗುವಾಗ ಮ್ಯಾನೇಜರ್ ಇಲ್ಲದೆ ಹೋಗುತ್ತಿರಲಿಲ್ಲ, ಇಲ್ಲೂ ಬೇಡ.

ಪಾತ್ರಗಳ ಮಧ್ಯೆ ಖಾಲಿ ತಿಂಗಳು ಬರುತ್ತವೆ. ಆಗ ಮಾಡುವುದಕ್ಕೆ ಕೆಲಸ ಕೈಯಲ್ಲಿರಲಿ. ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಕೋಚಿಂಗ್ ಡಿಪ್ಲೊಮಾ ಮಾಡಿಕೊಂಡರೆ ಶಾಲೆ, ಅಕಾಡೆಮಿಗಳಲ್ಲಿ ಕೆಲಸ ಸಿಗುತ್ತದೆ. ಕ್ರೀಡೆಯ ಕಥೆ ಇರುವ ಚಿತ್ರಗಳಿಗೆ ನಟರನ್ನು ತಯಾರು ಮಾಡುವ ಕೆಲಸವೂ ಇದೆ. ಬ್ಲಾಕ್‌ನಿಂದ ಹೇಗೆ ಏಳಬೇಕು, ಬ್ಯಾಟನ್ ಹೇಗೆ ಬದಲಿಸಬೇಕು ಅಂತ ಹೀರೊ, ಹೀರೊಯಿನ್‌ಗೆ ಕಲಿಸುವವರು ಬೇಕಾಗುತ್ತದೆ, ಬಲ್ಲವರು ಕಡಿಮೆ. ಇದನ್ನು ಪುಕ್ಕಟೆ ಮಾಡಿಕೊಡಬೇಡಿ. ದಿನದ 'ಪೇಮೆಂಟ್' ಎಷ್ಟು ಅಂತ ಮೊದಲೇ ಹೇಳಿ, ಟೈಟಲ್ ಕಾರ್ಡ್‌ನಲ್ಲಿ ಹೆಸರು ಕೇಳಿ, ಎರಡನ್ನೂ ಆ ದಿನವೇ ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ.